ಅಪ್ಪ-ಅವ್ವನ ಕಂಪ್ಯೂಟರಿಗೂ ಚಾಟ್ನಿ ಬೇಕು

ದ್ರಾಕ್ಷಿ ಬೆಳೆಯೋ ನಮಗೆ ಚಾಟ್ನಿ ಯಾಕೆ ಅಂತ ಯಾರೂ ಹೇಳಿಕೊಡಬೇಕಿಲ್ಲ. ಆದ್ರೆ ಮನೆಯಲ್ಲಿರೋ ಹಳೇ ಲ್ಯಾಪ್‌ಟಾಪ್ ತೆಗೆದು ನೋಡ್ರಿ: ಮೂಲೆ ಮೂಲೆಗೂ ಜಾಹೀರಾತು, ‘ವೈರಸ್ ಬಂದಿದೆ’ ಅನ್ನೋ ಸುಳ್ಳು ಎಚ್ಚರಿಕೆ, ಯಾರೂ ಮುಟ್ಟದ ಇಪ್ಪತ್ತು ಐಕಾನ್. ಇದರ ನಡುವೆ ಅಪ್ಪ ಉತಾರ ಹುಡುಕಬೇಕು.

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಳೇ ಯಂತ್ರ ಎಷ್ಟೋ ವಿಂಡೋಸ್ 11ಕ್ಕೆ ಒಗ್ಗೋದಿಲ್ಲ. ಹಾಗಂತ ಗುಜರಿಗೆ ಹಾಕಬೇಡಿ. ಇಬ್ರಾಹಿಂಪುರದ ನಮ್ಮ ಮನೆಯಲ್ಲಿ ಲಿನಕ್ಸ್ ಮಿಂಟ್‌ನ ಹಗುರ ಆವೃತ್ತಿ ಎಕ್ಸ್‌ಎಫ್‌ಸಿಇ ಹಾಕಿದ್ದೇನೆ. ಪೂರ್ತಿ ಉಚಿತ, 4 ಜಿಬಿ ರ‍್ಯಾಮ್ ಸಾಕು. ಮೊದಲು ಪೆನ್‌ಡ್ರೈವ್‌ನಿಂದಲೇ ಓಡಿಸಿ ವೈ-ಫೈ, ಪ್ರಿಂಟರ್ ನಡೀತಾವಾ ನೋಡ್ರಿ. ಫೋಟೋ, ದಾಖಲೆ ಬೇರೆ ಕಡೆ ನಕಲು ಮಾಡಿಟ್ಟ ಮೇಲೇ ಇನ್‌ಸ್ಟಾಲ್ ಮಾಡ್ರಿ. ಟ್ಯಾಲಿಯಲ್ಲಿ ಲೆಕ್ಕ ಇಡೋ ಮನೆಗೆ ಮಾತ್ರ ಇದು ಸರಿ ಹೊಂದೋದಿಲ್ಲ.

ಪರದೆ ಮೇಲೆ ನಾಲ್ಕೇ ಐಕಾನ್ ಇಟ್ಟೆ: ಭೂಮಿ ಜಾಲತಾಣ, ಪೇಟೆ ಧಾರಣೆಗೆ ಕೃಷಿ ಮಾರಾಟ ವಾಹಿನಿ, ಫೋಟೋ, ಅವ್ವನ ಸಂಘದ ಲೆಕ್ಕಕ್ಕೆ ಲಿಬ್ರೆ ಆಫೀಸ್. ಅಕ್ಷರ ದೊಡ್ಡದು ಮಾಡಿದೆ. ಕೀಲಿಮಣೆ ಪಟ್ಟಿಯಲ್ಲಿ ಕಗಪ ವಿನ್ಯಾಸ ಇದೆ. ನುಡಿ ಬಳಸಿದವರಿಗೆ ಅದು ಹೊಸದಲ್ಲ. ಫೈರ್‌ಫಾಕ್ಸ್‌ಗೆ ಯುಬ್ಲಾಕ್ ಆರಿಜಿನ್ ಸೇರಿಸಿದರೆ ಜಾಹೀರಾತಿನ ಕಾಟ ಬಹಳಷ್ಟು ತಪ್ಪುತ್ತೆ.

‘ಕೈಯಾಗ ಮೊಬೈಲ್ ಐತಲ್ಲ, ಇದ್ಯಾಕ?’ ಅಂತ ಕೇಳ್ತೀರಿ. ಉತಾರದ 11ನೇ ಕಾಲಂನಲ್ಲಿ ಯಾವ ಸಾಲದ ಬೋಜಾ ಕೂತಿದೆ ಅಂತ ಅರವತ್ತು ದಾಟಿದ ಕಣ್ಣು ಸಣ್ಣ ಪರದೆ ಮೇಲೆ ಓದೋದು ಕಷ್ಟ. ಹೊಲ ಅವರ ಹೆಸರಲ್ಲಿದೆ. ಅದರ ಕಾಗದ ಓದಲು ಮಗನ ಬಿಡುವಿಗೋ, ಪೇಟೆ ಅಂಗಡಿಯವನಿಗೋ ಅವರು ಕಾಯಬೇಕಾ? ನನ್ನ ವಾದ ಇಷ್ಟೇ: ಗೊಂದಲದ ಪರದೆ ಹಿರಿಯರನ್ನು ಪರಾವಲಂಬಿ ಮಾಡುತ್ತೆ. ತಪ್ಪು ಅವರ ವಯಸ್ಸಿನದಲ್ಲ.

ಹಾಗೇ, ಸರಳ ಮಾಡೋದು ಅಂದ್ರೆ ಬೀಗ ಹಾಕೋದಲ್ಲ. ಯಾವ ನಾಲ್ಕು ಐಕಾನ್ ಬೇಕು ಅಂತ ಅವರನ್ನೇ ಕೇಳ್ರಿ. ಪಾಸ್‌ವರ್ಡ್ ಅವರ ಡೈರಿಯಲ್ಲೇ ಇರಲಿ. ಒಟಿಪಿ ಕೇಳೋ ಫೋನ್ ಕರೆಯನ್ನು ಯಾವ ಲಿನಕ್ಸೂ ತಡೆಯೋದಿಲ್ಲ. ಅದಕ್ಕೆ ಕಂಪ್ಯೂಟರ್ ಪಕ್ಕದ ಗೋಡೆ ಮೇಲೆ ಸೈಬರ್ ಸಹಾಯವಾಣಿ 1930 ಅಂತ ದಪ್ಪಗೆ ಬರೆದಿಡ್ರಿ. ಈ ವಾರ ಒಂದು ಸಂಜೆ ಬಿಡುವು ಮಾಡಿಕೊಂಡು ಕೂತ್ರೆ ಕೆಲಸ ಮುಗೀತು.