ಮನೆಯಂಗಳ: ಕೈಯಾರೆ ಕಟ್ಟಿದ ಪುಸ್ತಕ

ದೀಪಾವಳಿ ಹತ್ತಿರ ಬಂದಿತೆಂದರೆ ನಮ್ಮಂಥ ವ್ಯಾಪಾರಸ್ಥರ ಮನೆಗಳಲ್ಲಿ ಮೊದಲು ನೆನಪಾಗುವುದು ಹೊಸ ವಹಿ. ಭಗವಾನ್ ಮಹಾವೀರರ ನಿರ್ವಾಣದಿಂದ ವೀರ ನಿರ್ವಾಣ ಸಂವತ್ಸರದ ಎಣಿಕೆ. ಹಿರಿಯರು ಅಂಗಡಿಯ ಹೊಸ ಲೆಕ್ಕವನ್ನೂ ಆಗಲೇ ತೆರೆಯುತ್ತಿದ್ದರು. ಈಗ ಲೆಕ್ಕವೆಲ್ಲ ಕಂಪ್ಯೂಟರಿಗೆ ಹೋಗಿದೆ. ಆದರೂ ಕೆಂಪು ಬಟ್ಟೆಯ ಒಂದು ವಹಿಯನ್ನಾದರೂ ತಂದು, ಸ್ವಸ್ತಿಕ ಬರೆದು, ಪೂಜಿಸಿ ಎತ್ತಿಡುವ ಪದ್ಧತಿ ಅನೇಕ ಮನೆಗಳಲ್ಲಿ ಉಳಿದಿದೆ.

ರಜೆಯಲ್ಲಿ ಮಕ್ಕಳನ್ನು ಟಿ.ವಿ., ಮೊಬೈಲುಗಳ ಮುಂದಿನಿಂದ ಎಬ್ಬಿಸುವ ಉಪಾಯ ಹೇಳಿರೆಂದು ಜತ್ತ ಕಡೆಯ ಸೋದರಿಯೊಬ್ಬರು ಕೇಳಿದ್ದಾರೆ. ಮಕ್ಕಳಿಂದ ಚೆಂದದ ನೋಟುಪುಸ್ತಕ ಕಟ್ಟಿಸಿರಿ ಎನ್ನುವುದು ನಮ್ಮ ಉತ್ತರ. ಆದರೆ ಅದನ್ನು ಹೇಳುವ ಮೊದಲು ನಮ್ಮ ಮನೆಯಲ್ಲಿ ನಡೆದ ಒಂದು ತಪ್ಪನ್ನು ಹೇಳಿಬಿಡಬೇಕು.

ಎರಡು ವರ್ಷದ ಹಿಂದೆ ಇದೇ ರಜೆಯಲ್ಲಿ ಮಕ್ಕಳೊಂದಿಗೆ ಕುಳಿತು ಎಂಟು ಪುಸ್ತಕ ಕಟ್ಟಿದೆವು. ರಟ್ಟು ಗಟ್ಟಿಯಾಗಿ ಹಿಡಿಯಲೆಂದು ಪೇಟೆಯಿಂದ ಕಂದು ಬಣ್ಣದ ಹರಳಿನ ಅಂಟು ತಂದೆವು. ನೋಡಲು ಜಾಲಿಯ ಗೋಂದಿನಂತೆಯೇ ಇತ್ತು, ನಾವೂ ಹಾಗೆಯೇ ತಿಳಿದೆವು. ಬಿಸಿನೀರಿನಲ್ಲಿ ಕರಗಿಸಿದಾಗ ವಾಸನೆ ಬಂದರೂ ಲಕ್ಷ್ಯ ಕೊಡಲಿಲ್ಲ. ಎಲ್ಲಕ್ಕಿಂತ ಚೆನ್ನಾಗಿ ಬಂದ ಪುಸ್ತಕವನ್ನು ಮಕ್ಕಳು ಅವರ ಆಯಿಗೆ, ಅಂದರೆ ನಮ್ಮ ಅತ್ತೆಯವರಿಗೆ, ಸ್ವಾಧ್ಯಾಯದ ಟಿಪ್ಪಣಿಗೆಂದು ಕೊಟ್ಟರು. ಅವರು ಅದನ್ನು ಮೂಗಿನ ಹತ್ತಿರ ಹಿಡಿದು, “ಇದಕ್ಕ ಏನ ಹಚ್ಚೀರವ್ವಾ?” ಎಂದು ಕೇಳಿದರು. ಗೋಂದು ಎಂದೆವು. ಮತ್ತೇನೂ ಅನ್ನಲಿಲ್ಲ. ಆದರೆ ಆ ಪುಸ್ತಕ ವ್ಯಾಸಪೀಠದ ಮೇಲೆ ಬರಲೇ ಇಲ್ಲ, ಕಿಟಕಿಯ ಕಟ್ಟೆಯ ಮೇಲೆಯೇ ಉಳಿಯಿತು.

ವಾರದ ಮೇಲೆ ಬಾಗಿಲ ಕೆಲಸಕ್ಕೆ ಬಂದ ಬಡಗಿಯೊಬ್ಬ ಉಳಿದ ಹರಳುಗಳನ್ನು ನೋಡಿ, “ಇದು ಸರಸ ಅಲ್ಲೇನ್ರೀ?” ಎಂದ. ಸರಸವೆಂದರೆ ದನದ ತೊಗಲು, ಎಲುಬುಗಳನ್ನು ಕುದಿಸಿ ತೆಗೆಯುವ ಅಂಟು. ಮಕ್ಕಳು ಅದೇ ಕೈಯಲ್ಲಿ ಮೊದಲ ಪುಟದ ಮೇಲೆ ಣಮೋಕಾರ ಬರೆದಿದ್ದರು. ಅತ್ತೆಯವರ ಮುಂದೆ ಹೋಗಿ ಹೇಳುವುದಕ್ಕೆ ನಮಗೆ ಎರಡು ದಿನ ಬೇಕಾಯಿತು. “ಗೊತ್ತಿಲ್ದ ಆತು. ಇನ್ನ ಮ್ಯಾಲೆ ಕೇಳಿ ತರ್ರಿ” ಎಂದರು, ಅಷ್ಟೇ.

ಅಂದಿನಿಂದ ಪುಸ್ತಕದ ಒಂದೊಂದು ಸಾಮಾನನ್ನೂ ಕೇಳಿ ತರುವ ರೂಢಿಯಾಯಿತು. ಕೇಳುತ್ತ ಹೋದಂತೆ ಆಶ್ಚರ್ಯವೇ ಆಯಿತು. ತೊಗಲಿನ ಹೊದಿಕೆ ಬೇಡವೆಂಬುದು ನಮಗೆಲ್ಲ ಗೊತ್ತು, ಅದು ಕಣ್ಣಿಗೆ ಕಾಣುತ್ತದೆ. ಕಾಣದವು ಬೇರೆ ಇವೆ. ಹೊಲಿಯುವ ದಾರಕ್ಕೆ ಜೇನುಮೇಣ ಸವರುತ್ತಾರೆ. ಕೆಲವು ಕಾಗದಗಳಿಗೆ ಜಿಲೆಟಿನ್ ಲೇಪ ಇರುತ್ತದೆ. ನೀರಿನ ಮೇಲೆ ಬಣ್ಣ ತೇಲಿಸಿ ಅಮೃತಶಿಲೆಯಂತೆ ಗೆರೆ ಮೂಡಿಸುವ ಕಾಗದವಿದೆಯಲ್ಲ, ತುರ್ಕಿಯ ಆ ಹಳೆಯ ಪದ್ಧತಿಯಲ್ಲಿ ಬಣ್ಣ ಹರಡಲು ಎತ್ತಿನ ಪಿತ್ತವನ್ನು ಸೇರಿಸುತ್ತಾರೆ. ರೇಷ್ಮೆಯ ಮಾತು ಹೇಳಬೇಕಾಗಿಯೇ ಇಲ್ಲ.

ಇವೆಲ್ಲವನ್ನೂ ಬಿಟ್ಟರೆ ಪುಸ್ತಕ ಆಗುವುದು ಹೇಗೆ ಎಂದು ಹಿರಿಯ ಮಗ ಕೇಳಿದ. ನಮ್ಮ ತಾಡೋಲೆ ಗ್ರಂಥಗಳಿಗೆ ಅಂಟೇ ಇರಲಿಲ್ಲವಲ್ಲ! ಗರಿಗೆ ತೂತು, ತೂತಿಗೆ ದಾರ, ಮೇಲೆ ಕೆಳಗೆ ಮರದ ಹಲಗೆ, ಸುತ್ತಲೂ ಬಟ್ಟೆ. ಮೂಡಬಿದಿರೆಯಲ್ಲಿ ಧವಲ ಗ್ರಂಥಗಳು ಶತಮಾನಗಳ ಕಾಲ ಉಳಿದದ್ದು ಹೀಗೆಯೇ. ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿದಳೆನ್ನುತ್ತಾರೆ. ಆ ಪ್ರತಿಗಳೂ ಓಲೆಯವೇ.

ಇನ್ನು ಕೆಲಸಕ್ಕೆ ಬರೋಣ. ನಾಲ್ಕು ಹಾಳೆಗಳನ್ನು ಒಟ್ಟಿಗೆ ನಡುವೆ ಮಡಚಿದರೆ ಒಂದು ಕಟ್ಟು, ಅದರಲ್ಲಿ 16 ಪುಟ. ಆರು ಕಟ್ಟಿಗೆ 96 ಪುಟ, ಮಕ್ಕಳಿಗೆ ಅಷ್ಟು ಸಾಕು. ಮಡಚುವ ಮುಂಚೆ ಕಾಗದದ ಎಳೆ ನೋಡಿರಿ: ಹಾಳೆಯನ್ನು ಎರಡೂ ಕಡೆಗೆ ಮೆಲ್ಲಗೆ ಬಾಗಿಸಿದರೆ ಒಂದು ಕಡೆಗೆ ಸುಲಭವಾಗಿ ಬಾಗುತ್ತದೆ, ಮಡಿಕೆ ಆ ಬಾಗಿಗೇ ಬರಬೇಕು. ಇಲ್ಲದಿದ್ದರೆ ಪುಸ್ತಕ ಸೆಟೆದು ನಿಲ್ಲುತ್ತದೆ. ಮಡಿಕೆಯ ಮೇಲೆ ದಬ್ಬಳದಿಂದ ಐದು ತೂತು ಮಾಡಿ ಹತ್ತಿಯ ದಪ್ಪ ದಾರದಿಂದ ಹೊಲಿಯಿರಿ. ಒಂದೇ ಸಲಕ್ಕೆ ಮಾರುದ್ದದ ದಾರ ತೆಗೆದುಕೊಳ್ಳದಿದ್ದರೆ ಸಿಕ್ಕಾಗುವುದಿಲ್ಲ, ಮೇಣವೂ ಬೇಕಾಗುವುದಿಲ್ಲ. ತೀರ ಚಿಕ್ಕ ಮಕ್ಕಳಿಗೆ ವಹಿಯ ಮಾದರಿಯೇ ಮೇಲು. ರಟ್ಟಿಲ್ಲ, ಅಂಟಿಲ್ಲ, ಎರಡು ಪದರು ಬಟ್ಟೆ ಇಟ್ಟು ಹಾಳೆಯ ಸಮೇತ ನಡುವೆ ಹೊಲಿದುಬಿಟ್ಟರೆ ಆಯಿತು.

ರಟ್ಟು ಬೇಕೆಂದರೆ ಮೈದಾ ಅಂಟು. ಒಂದು ಬಟ್ಟಲು ಮೈದಾವನ್ನು ಒಂದು ಬಟ್ಟಲು ಸೋಸಿದ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಕುದಿಯುವ ನಾಲ್ಕು ಬಟ್ಟಲು ನೀರಿಗೆ ಸುರಿದು ಕೈಯಾಡಿಸಿರಿ. ಬಿಳುಪು ಹೋಗಿ ಹೊಳಪು ಬಂದರೆ ಇಳಿಸಿ, ಆರಿದ ಮೇಲೆ ಬಟ್ಟೆಯಲ್ಲಿ ಹಿಂಡಿ. ಹುಳ ಬರಬಾರದೆಂದು ಬೈಂಡಿಂಗಿನವರು ಇದಕ್ಕೆ ಮೈಲುತುತ್ತ ಹಾಕುತ್ತಾರೆ. ಅದು ವಿಷ. ಹುಳಕ್ಕೂ ವಿಷ, ಬೆರಳು ನೆಕ್ಕುವ ಮಗುವಿಗೂ ವಿಷ. ನಾವು ಹಾಕುವುದಿಲ್ಲ. ಆ ದಿನದ ಅಂಟು ಆ ದಿನಕ್ಕೇ ಮುಗಿಯುವಷ್ಟು ಮಾತ್ರ ಮಾಡುತ್ತೇವೆ, ಹಗಲಿನಲ್ಲೇ ಮಾಡುತ್ತೇವೆ. ರಾತ್ರಿ ಉಳಿದ ಅಂಟಿನಲ್ಲಿ ಜೀವೋತ್ಪತ್ತಿ ಎಂಬುದನ್ನು ಅಡಿಗೆಮನೆಯ ಮರ್ಯಾದೆ ಪಾಲಿಸುವವರಿಗೆ ಬಿಡಿಸಿ ಹೇಳಬೇಕಿಲ್ಲ. ತೆಳ್ಳಗೆ ಸವರಿ, ಭಾರ ಹೇರಿ, ಎರಡು ದಿನ ಪೂರಾ ಒಣಗಿಸಿದರೆ, ಕಪಾಟಿನಲ್ಲಿ ಒಣ ಬೇವಿನೆಲೆ ಇಟ್ಟರೆ, ಹುಳ ತಾನಾಗಿಯೇ ದೂರ ಇರುತ್ತದೆ. ಮಳೆಗಾಲದಲ್ಲಿ ಮಾತ್ರ ಈ ಉಸಾಬರಿಗೆ ಹೋಗಬೇಡಿರಿ, ಬೂಸ್ಟು ತಪ್ಪದು. ಬೆನ್ನು ಗಟ್ಟಿ ಬೇಕೆಂದರೆ ಅಂಗಡಿಯ ಬಿಳಿ ಅಂಟು ಸಾಕು. ಬಡಗಿಗಳ ಸರಸದ ಬದಲಿಗೆಂದೇ 1959ರಲ್ಲಿ ಫೆವಿಕಾಲ್ ಬಂದಿತು.

ಮಕ್ಕಳಿಗೆ ಎಲ್ಲಕ್ಕಿಂತ ಖುಷಿ ಕೊಡುವುದು ಹೊದಿಕೆಯ ಕಾಗದ. ಇದೇ ಮೈದಾ ಅಂಟಿಗೆ ಪೋಸ್ಟರ್ ಬಣ್ಣ ಕಲಸಿ, ಒದ್ದೆ ಮಾಡಿದ ಕಾಗದದ ಮೇಲೆ ಬಳಿದು, ಹಳೆಯ ಬಾಚಣಿಗೆಯಿಂದ ಎಳೆಯಿರಿ. ಅಲೆ, ಬಳ್ಳಿ, ಚೌಕಳಿ, ಏನು ಎಳೆದರೂ ಚೆಂದ. ಕೆಟ್ಟರೆ ಮತ್ತೆ ಬಳಿದು ಮತ್ತೆ ಎಳೆಯಬಹುದು. ಜರ್ಮನಿಯ ಬೈಂಡಿಂಗಿನವರು ನೂರಾರು ವರ್ಷದಿಂದ ಇದನ್ನು ಮಾಡಿದ್ದಾರೆ. ಪಿತ್ತವೂ ಬೇಡ, ದುಬಾರಿ ಸಾಮಾನೂ ಬೇಡ. ಬಟ್ಟೆಯ ಹೊದಿಕೆಗೆ ಅಂಗಡಿಯ ಚೂರುಗಳುಂಟು. ಹಳೆಯ ಇಳಕಲ್ ಸೀರೆಯಾದರೆ ಹತ್ತಿಯ ಒಡಲನ್ನು ತೆಗೆದುಕೊಂಡು ಸೆರಗನ್ನು ಬಿಡಿರಿ, ಅದು ರೇಷ್ಮೆ ಇದ್ದೀತು. ಕೈಕಾಗದ ಬೇಕಾದವರಿಗೆ ಪುಣೆಯಲ್ಲಿ 1940ರಿಂದ ಕೈಕಾಗದದ ಸಂಸ್ಥೆಯುಂಟು, ಜೈಪುರದ ಬಳಿ ಸಾಂಗಾನೇರದ ಕಾಗಜಿಗಳುಂಟು. ಹತ್ತಿ ಬಟ್ಟೆಯ ಚೂರಿನಿಂದಲೇ ಮಾಡಿದ ಕಾಗದ ಅಲ್ಲಿ ಸಿಗುತ್ತದೆ. ಲೇಪ ಯಾವುದೆಂದು ಕೇಳಿಯೇ ಕೊಳ್ಳಿರಿ.

ಹಳೆಯ ಎಂಟು ಪುಸ್ತಕಗಳಲ್ಲಿ ಣಮೋಕಾರದ ಹಾಳೆಗಳನ್ನು ಬಿಡಿಸಿ ತೆಗೆದಿಟ್ಟೆವು. ಉಳಿದದ್ದು ಅಂಗಡಿಯಲ್ಲಿ ಉದ್ರಿ ಬರೆಯಲು ಹೋಯಿತು. ಮರುವರ್ಷ ಮಕ್ಕಳು ಮೈದಾ ಅಂಟಿನ ಹೊಸ ಪುಸ್ತಕ ಮಾಡಿ ಆಯಿಯ ಮುಂದೆ ಇಟ್ಟಾಗ, ಸಣ್ಣವಳು ಕೇಳುವ ಮೊದಲೇ ಅಂಟು, ದಾರ, ಬಟ್ಟೆ ಎಲ್ಲದರ ಲೆಕ್ಕ ಒಪ್ಪಿಸಿಬಿಟ್ಟಳು. ಅತ್ತೆಯವರು ಅದನ್ನೂ ಒಮ್ಮೆ ಮೂಸಿಯೇ ನೋಡಿದರು. ಈಗ ಅದರಲ್ಲಿ ನಲವತ್ತು ಪುಟ ತುಂಬಿದೆ. ಕಣ್ಣು ಮಂಜಾಗಿದೆ, ಮುಂದಿನ ಪುಸ್ತಕಕ್ಕೆ ಗೆರೆ ಅಗಲಾಗಿ ಎಳೀರಿ ಎಂದು ಮೊನ್ನೆ ಹೇಳಿದ್ದಾರೆ.