ದೇವಯಾನಿಯ ದೀಪಗಳು

ಹಾಸನದ ಉಪಗ್ರಹ ನಿಯಂತ್ರಣ ಕೇಂದ್ರದ ಬೃಹತ್ತಾದ ತಟ್ಟೆಗಳನ್ನು ಕಂಡು, ಅವು ನಕ್ಷತ್ರಗಳನ್ನು ನೋಡುವ ಯಂತ್ರಗಳೆಂದು ಭಾವಿಸುವವರುಂಟು. 1982ರಲ್ಲಿ ಸ್ಥಾಪಿತವಾದ ಆ ಕೇಂದ್ರಕ್ಕೆ ವ್ಯವಹಾರವಿರುವುದು ಸುಮಾರು 36,000 ಕಿಲೋಮೀಟರ್ ಎತ್ತರದ ಉಪಗ್ರಹಗಳೊಡನೆ. ನಾವು ಈ ತಿಂಗಳು ಹೇಳಹೊರಟಿರುವುದು ಅದಕ್ಕಿಂತ ಬಹುದೂರದ ಸಂಗತಿ.

ಕಾರ್ತಿಕ ಮಾಸದ ಅಮಾವಾಸ್ಯೆಯ ಸುಮಾರಿಗೆ, ಹೊಳೆನರಸೀಪುರ ಅರಕಲಗೂಡುಗಳ ಕಡೆಯ ಹಳ್ಳಿಯೊಂದರಲ್ಲಿ ದೀಪವಿಲ್ಲದ ಬಯಲಿಗೆ ಬಂದು, ರಾತ್ರಿ ಎಂಟು ಗಂಟೆಯ ಮೇಲೆ ಉತ್ತರದ ಆಕಾಶವನ್ನು ತಲೆಯೆತ್ತಿ ನೋಡಿದರೆ, ಹಿಂಜಿದ ಅರಳೆಯಂತಹ ಮಂಕು ಬೆಳಕೊಂದು ಬರಿಗಣ್ಣಿಗೇ ಕಾಣುವುದು. ಅದೇ ದೇವಯಾನಿ, ನಮ್ಮ ಆಕಾಶಗಂಗೆಯಂತೆಯೇ ಸುರುಳಿಯಾಕಾರದ ನಕ್ಷತ್ರಸಮೂಹ. ಅದರ ಬೆಳಕು ನಮ್ಮನ್ನು ಮುಟ್ಟಲು ಸುಮಾರು 25 ಲಕ್ಷ ವರ್ಷಗಳು ಹಿಡಿಯುತ್ತವೆ.

ಅಲ್ಲಿ ಕಣ್ಣಿಗೆ ಕಾಣದ ದೀಪಗಳೂ ಉಂಟು. ಜೋಡಿ ನಕ್ಷತ್ರಗಳಲ್ಲಿ ಒಂದು ಸತ್ತು ನ್ಯೂಟ್ರಾನ್ ನಕ್ಷತ್ರವೋ ಕಪ್ಪುಕುಳಿಯೋ ಆದಮೇಲೆ, ಬದುಕಿರುವ ಸಂಗಾತಿಯ ಅನಿಲವನ್ನು ತನ್ನೆಡೆಗೆ ಸೆಳೆಯತೊಡಗುವುದು. ಬೀಳುವ ಅನಿಲವು ಕೋಟಿ ಡಿಗ್ರಿಗಳವರೆಗೆ ಕಾದು ಕ್ಷಕಿರಣಗಳನ್ನು ಸೂಸುವುದು; ಆಸ್ಪತ್ರೆಯಲ್ಲಿ ಎಲುಬಿನ ಚಿತ್ರ ತೆಗೆಯುವ ಕಿರಣಗಳ ಜಾತಿಯೇ ಇವು.

ನಮ್ಮ ಆಕಾಶಗಂಗೆಯಲ್ಲಿಯೇ ಇಂತಹವು ಇರುವಾಗ ದೇವಯಾನಿಯ ಗೊಡವೆಯೇಕೆ ಎಂದು ವಾಚಕರು ಕೇಳಬಹುದು. ಚನ್ನರಾಯಪಟ್ಟಣದ ತೆಂಗಿನ ತೋಟದೊಳಗೆ ನಿಂತವನಿಗೆ ತೋಟದ ಆಕಾರ ತಿಳಿಯದು. ಅದೇ ತಾಲ್ಲೂಕಿನ ವಿಂಧ್ಯಗಿರಿಯನ್ನೇರಿದವನಿಗೆ ದೂರದ ತೋಟವೆಲ್ಲ ಒಂದೇ ನೋಟಕ್ಕೆ ಸಿಕ್ಕುವುದು. ಮುಸ್ಸಂಜೆಯಲ್ಲಿ ದೂರದ ಊರಿನ ದೀಪಗಳೆಲ್ಲ ಅವನಿಗೆ ಬಹುಮಟ್ಟಿಗೆ ಸಮಾನ ದೂರದಲ್ಲಿರುವುದರಿಂದ, ಹೆಚ್ಚು ಪ್ರಕಾಶವಾಗಿ ತೋರುವುದೇ ನಿಜವಾಗಿಯೂ ದೊಡ್ಡ ದೀಪ. ಆಕಾಶಗಂಗೆಯೊಳಗಿರುವ ನಮಗಾದರೋ ಧೂಳಿನ ತೆರೆ ಅಡ್ಡ. ಯಾವುದು ಎಷ್ಟು ದೂರವೆಂಬ ಸಂದೇಹ ಬೇರೆ.

ಆದರೂ ತೊಡಕಿಲ್ಲದಿಲ್ಲ. ಯೂರೋಪಿನ ಎಕ್ಸ್‌ಎಂಎಂ-ನ್ಯೂಟನ್ ದೂರದರ್ಶಕದಿಂದ ಸಿದ್ಧವಾಗಿ 2011ರಲ್ಲಿ ಪ್ರಕಟವಾದ ಪಟ್ಟಿಯಲ್ಲಿ 1,897 ಕ್ಷಕಿರಣ ಮೂಲಗಳಿವೆ. ಅವೆಲ್ಲವೂ ದೇವಯಾನಿಯವಲ್ಲ, ಅನೇಕವು ಅದರ ಹಿಂದೆ ಬಹುದೂರದಲ್ಲಿರುವ ಬೇರೆ ನಕ್ಷತ್ರಸಮೂಹಗಳು, ಕೆಲವು ಮುಂದಿರುವ ನಮ್ಮವೇ ನಕ್ಷತ್ರಗಳು. ಇವನ್ನು ಹಸನುಮಾಡುವುದೇ, ನಮ್ಮ ಅಭಿಪ್ರಾಯದಲ್ಲಿ, ಕಂಡುಹಿಡಿಯುವುದಕ್ಕಿಂತ ಕಷ್ಟದ ಕೆಲಸ.

ಕ್ಷಕಿರಣಗಳನ್ನು ಭೂಮಿಯ ವಾಯುಮಂಡಲವು ಹೀರಿಬಿಡುವುದರಿಂದ ಉಪಕರಣವು ಮೇಲಕ್ಕೇ ಹೋಗಬೇಕು. ಬೆಂಗಳೂರಿನಲ್ಲಿ ನಿರ್ಮಿತವಾಗಿ 1975ರ ಏಪ್ರಿಲ್ 19ರಂದು ಹಾರಿದ ಆರ್ಯಭಟ ಉಪಗ್ರಹದಲ್ಲಿಯೂ ಕ್ಷಕಿರಣದ ಉಪಕರಣವಿದ್ದಿತು. ವಿದ್ಯುತ್ತಿನ ದೋಷದಿಂದ ಆ ಪ್ರಯೋಗವು ಕೆಲವೇ ದಿನಗಳಲ್ಲಿ ನಿಂತುಹೋಯಿತು. ನಲವತ್ತು ವರ್ಷಗಳ ಮೇಲೆ, 2015ರ ಸೆಪ್ಟೆಂಬರ್ 28ರಂದು, ಆಸ್ಟ್ರೋಸ್ಯಾಟ್ ಹಾರಿತು. ಅದರಲ್ಲಿ ಕ್ಷಕಿರಣದ ಉಪಕರಣಗಳ ಜೊತೆಗೆ, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ನೇತೃತ್ವದಲ್ಲಿ ರೂಪುಗೊಂಡ ನೇರಳಾತೀತ ದೂರದರ್ಶಕವೂ ಇದ್ದಿತು. ಈ ದೂರದರ್ಶಕವು ತೆಗೆದ ದೇವಯಾನಿಯ ಚಿತ್ರಗಳನ್ನು ಕ್ಷಕಿರಣ ಮೂಲಗಳೊಡನೆ ಪಂಡಿತರು ಹೋಲಿಸಿ ನೋಡಿದ್ದಾರೆ.