ಒಲಿಂಪಿಕ್ಸ್‌ನಲ್ಲಿ ಇಲ್ಲ ಅನ್ನೋ ನೆಪ ಇನ್ನು ಸಾಕು

ನಮ್ಮೂರ ಹುಡುಗಿಯರು ಆಡುವ ಖೋ ಖೋಗೆ ಯಾಕೆ ದುಡ್ಡಿಲ್ಲ, ಆಡಿದವರಿಗೆ ಯಾಕೆ ನೌಕರಿ ಇಲ್ಲ ಅಂತ ಕೇಳಿದರೆ ಸಿಗುವ ಉತ್ತರ ಒಂದೇ: 'ಅದು ಒಲಿಂಪಿಕ್ಸ್‌ನಲ್ಲಿ ಇಲ್ಲವಲ್ಲ.' ಕ್ರೀಡಾಕೂಟ ಉದ್ಘಾಟಿಸಲು ಬರುವವರಿಂದ ಹಿಡಿದು ಟೀವಿಯಲ್ಲಿ ಕೂತು ಮಾತಾಡುವವರ ತನಕ ಎಲ್ಲರಿಗೂ ಇದು ಬಾಯಿಪಾಠ. ಒಲಿಂಪಿಕ್ಸ್‌ನಲ್ಲಿ ಇಲ್ಲ ಅನ್ನೋದು ನಿಜ. ಅದಕ್ಕೇ ದುಡ್ಡಿಲ್ಲ ಅನ್ನೋದು ಸುಳ್ಳು.

ಆಸ್ಟ್ರೇಲಿಯಾವನ್ನೇ ನೋಡಿ. ಅಲ್ಲಿ ಫೂಟಿ ಅಂತ ಒಂದು ಆಟ ಇದೆ. ಕ್ರಿಕೆಟ್ ಆಡುವ ಮೈದಾನದಲ್ಲೇ ಆಡ್ತಾರೆ. ಮೊಟ್ಟೆಯ ಆಕಾರದ ಚೆಂಡು, ಎರಡೂ ತುದಿಯಲ್ಲಿ ನಾಲ್ಕು ನಾಲ್ಕು ಕಂಬ, ನಡುವಿನ ಎರಡು ಕಂಬಗಳ ಮಧ್ಯೆ ಒದ್ದರೆ ಆರು ಪಾಯಿಂಟ್. ಆ ದೇಶ ಬಿಟ್ಟರೆ ಬೇರೆ ಕಡೆ ಇದನ್ನು ಆಡುವವರು ಕಡಿಮೆ. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಬರೀ ಪ್ರದರ್ಶನಕ್ಕೆ ಅಂತ ಆಡಿಸಿದ್ದರು, ಅಷ್ಟೇ. ಪದಕ ಗಿದಕ ಏನೂ ಇಲ್ಲ. ಅಂದರೆ ನಮ್ಮ ಖೋ ಖೋ ಥರದ್ದೇ ನೆಲದ ಆಟ.

ಆದರೆ ಅಲ್ಲಿ 18 ವರ್ಷದೊಳಗಿನ ಹುಡುಗಿಯರಿಗೆ ರಾಷ್ಟ್ರೀಯ ಚಾಂಪಿಯನ್‌ಶಿಪ್ ನಡೆಯುತ್ತದೆ. ದೊಡ್ಡ ಕ್ಲಬ್‌ಗಳ ಕಡೆಯವರು ಬಂದು ಕೂತು ನೋಡುತ್ತಾರೆ. ಚೆನ್ನಾಗಿ ಆಡಿದ ಹುಡುಗಿಗೆ ಮುಂದೆ ಕ್ಲಬ್‌ನ ಕರೆ ಬರುತ್ತದೆ, ಸಂಬಳ ಬರುತ್ತದೆ. ಈ ಮಹಿಳಾ ಲೀಗ್ ಶುರುವಾಗಿದ್ದು 2017ರಲ್ಲಿ, ಎಂಟು ತಂಡಗಳಿಂದ. ಮೊದಲ ಪಂದ್ಯಕ್ಕೇ 24 ಸಾವಿರಕ್ಕೂ ಹೆಚ್ಚು ಜನ ಬಂದು, ಗೇಟು ಹಾಕಿ ಉಳಿದವರನ್ನು ವಾಪಸ್ ಕಳಿಸಬೇಕಾಯಿತು. 2022ರ ಹೊತ್ತಿಗೆ 18 ತಂಡ ಆದವು. ಮೊದಮೊದಲು ಕೊಟ್ಟ ಸಂಬಳ ಕಮ್ಮಿಯೇ. ಹಗಲು ಬೇರೆ ಕೆಲಸ, ಸಂಜೆ ಅಭ್ಯಾಸ ಮಾಡಿದವರು ಬೇಕಾದಷ್ಟು ಜನ. ಅಲ್ಲೂ ಹೆಣ್ಮಕ್ಕಳು ಜಗಳ ಮಾಡಿಯೇ ಸಂಬಳ ಹೆಚ್ಚಿಸಿಕೊಂಡರು. ಆದರೆ ಹತ್ತಲಿಕ್ಕೆ ಒಂದು ಮೆಟ್ಟಿಲಾದರೂ ಇತ್ತು.

ಈಗ ನಮ್ಮ ಕಡೆ ಬನ್ನಿ. ಖೋ ಖೋದಲ್ಲೂ ಜೂನಿಯರ್ ನ್ಯಾಷನಲ್ಸ್ ಇದೆ, ಶ್ರೇಷ್ಠ ಆಟಗಾರ್ತಿಗೆ 'ಜಾನಕಿ' ಪ್ರಶಸ್ತಿ ಇದೆ. ಮಹಿಳೆಯರ ನ್ಯಾಷನಲ್ಸ್ ಶುರುವಾಗಿ 60 ವರ್ಷ ದಾಟಿತು. ಇಷ್ಟು ವರ್ಷದಲ್ಲಿ ನ್ಯಾಷನಲ್ಸ್ ಆಡಿ ಬಂದ ಹುಡುಗಿ ಮುಂದೆ ಎಲ್ಲಿಗೆ ಹೋಗಬೇಕು ಅಂತ ಯಾರಾದರೂ ಒಂದು ದಾರಿ ಮಾಡಿದ್ದಾರಾ? 2022ರಲ್ಲಿ ಅಲ್ಟಿಮೇಟ್ ಖೋ ಖೋ ಅಂತ ಲೀಗ್ ಬಂತು. ಆರು ತಂಡ, ಆರೂ ಗಂಡಸರವು. ಬೆಂಗಳೂರಿನ ಹೆಸರಿನಲ್ಲಿ ಒಂದೂ ಇಲ್ಲ.

2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆಯಿತು. ನಮ್ಮ ಮಹಿಳೆಯರು ಫೈನಲ್‌ನಲ್ಲಿ ನೇಪಾಳವನ್ನು 78-40ರಿಂದ ಸೋಲಿಸಿದರು. ಆ ಪಂದ್ಯದ ಶ್ರೇಷ್ಠ ಆಟಗಾರ್ತಿ ನಮ್ಮ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ. ನಮ್ಮ ಸರ್ಕಾರ ಚೈತ್ರಾಗೂ ಪುರುಷರ ತಂಡದಲ್ಲಿದ್ದ ಗೌತಮ್‌ಗೂ ತಲಾ 5 ಲಕ್ಷ ಘೋಷಿಸಿತು. ಅತ್ತ ಮಹಾರಾಷ್ಟ್ರ ತನ್ನ ಆಟಗಾರರಿಗೆ ತಲಾ 2.25 ಕೋಟಿ, ಜೊತೆಗೆ ಸರ್ಕಾರಿ ನೌಕರಿ ಅಂದಿತು. ಇವರಿಬ್ಬರೂ ಆ 5 ಲಕ್ಷ ಬೇಡ ಅಂದರು. ಸರಿಯಾಗಿಯೇ ಮಾಡಿದರು. ಕೆಲವರು ಇದನ್ನು ದುರಾಸೆ ಅಂದರಂತೆ. ಅದೇ ಗೆಲುವು, ಅದೇ ಕಪ್, ಗಡಿ ದಾಟಿದರೆ ಬೆಲೆ 45 ಪಟ್ಟು! ಇದನ್ನು ಕೇಳೋದು ದುರಾಸೆ ಹೇಗಾಗುತ್ತೆ?

'ಆಸ್ಟ್ರೇಲಿಯಾದಲ್ಲಿ ಗಂಡಸರ ಲೀಗಿನ ದುಡ್ಡಿದೆ, ನಮ್ಮಲ್ಲೆಲ್ಲಿ?' ಅನ್ನುವವರಿಗೆ ಕಬಡ್ಡಿ ತೋರಿಸುತ್ತೇವೆ. ಪ್ರೊ ಕಬಡ್ಡಿ 2014ರಿಂದ ನಡೆಯುತ್ತಿದೆ. ಜಾಹೀರಾತು, ಟೀವಿ, ಹರಾಜು ಎಲ್ಲ ಇದೆ. ಮಹಿಳೆಯರಿಗೆ ಅಂತ 2016ರಲ್ಲಿ ಮೂರೇ ಮೂರು ತಂಡ ಕಟ್ಟಿ ಒಂದು ಸೀಸನ್ ಆಡಿಸಿದರು, ಮುಂದಿನ ವರ್ಷ ಇಲ್ಲ. ಇದು ಏಷ್ಯನ್ ಗೇಮ್ಸ್‌ನಲ್ಲಿ ಇರುವ ಆಟ ಸ್ವಾಮಿ! 2010, 2014ರಲ್ಲಿ ಚಿನ್ನ ತಂದ ತಂಡಗಳಲ್ಲಿ ನಮ್ಮ ತೇಜಸ್ವಿನಿ ಬಾಯಿ, ಮಮತಾ ಪೂಜಾರಿ ಇದ್ದರು. 2023ರಲ್ಲಿ ಹಾಂಗ್‌ಝೌನಲ್ಲಿ ಒಂದೇ ಒಂದು ಪಾಯಿಂಟ್‌ನಿಂದ, 26-25ರಿಂದ ಚಿನ್ನ ಗೆದ್ದರು. ಹಾಗಿದ್ದೂ ಪ್ರೊ ಕಬಡ್ಡಿಯಷ್ಟು ದೊಡ್ಡ ಲೀಗ್ ಇಲ್ಲ. ಅಂದಮೇಲೆ ತಡೆದಿರೋದು ಒಲಿಂಪಿಕ್ಸ್ ಅಲ್ಲ.

ಬೆಂಗಳೂರಿನ ವಿಜಯನಗರಕ್ಕೆ ಒಮ್ಮೆ ಬನ್ನಿ. ಮೆಟ್ರೋ ಇಳಿದರೆ ಕಣ್ಣಿಗೆ ಬೀಳೋದೇ ಕೆಎಎಸ್, ಪಿಎಸ್ಐ, ಪಿಡಿಒ ಕೋಚಿಂಗ್ ಬೋರ್ಡುಗಳು. ಹಿಂದಿನ ಗಲ್ಲಿಗಳ ತುಂಬ ಪಿಜಿಗಳು. ನಮ್ಮ ನಿಮ್ಮ ಊರಿನ ಹೆಣ್ಮಕ್ಕಳು ಅಲ್ಲಿದ್ದಾರೆ. ಸ್ಕೂಲಲ್ಲಿ ಜಿಲ್ಲೆಗೆ, ರಾಜ್ಯಕ್ಕೆ ಆಡಿದವರೂ ಅವರಲ್ಲಿದ್ದಾರೆ. ಸರ್ಟಿಫಿಕೇಟು ಟ್ರಂಕಿನ ತಳದಲ್ಲಿ, ಕೈಯಲ್ಲಿ ಸಾಮಾನ್ಯ ಜ್ಞಾನದ ಪುಸ್ತಕ. ಓದೋದು ತಪ್ಪಲ್ಲ, ನೌಕರಿ ಬೇಕು. ಆದರೆ ಅಲ್ಲಿಂದ ಮೆಟ್ರೋದಲ್ಲಿ ಕೆಂಗೇರಿ ಕಡೆ ಕೆಲವೇ ಸ್ಟೇಷನ್ ಹೋದರೆ ಜ್ಞಾನಭಾರತಿ. ಭಾರತೀಯ ಕ್ರೀಡಾ ಪ್ರಾಧಿಕಾರದ ದಕ್ಷಿಣ ಕೇಂದ್ರ ಇರೋದು ಅಲ್ಲೇ. ಓಡೋ ಕಾಲಿರುವ ಹುಡುಗಿ ಅದಕ್ಕೆ ಮುಂಚೆಯೇ ಇಳಿದು ಕೋಚಿಂಗ್ ಕ್ಲಾಸಿಗೆ ಹೋಗಬೇಕಾದ ಪರಿಸ್ಥಿತಿ ಇದೆಯಲ್ಲ, ನಮ್ಮ ಸಿಟ್ಟು ಅದರ ಮೇಲೆ.

'ಹಳ್ಳಿ ಅಪ್ಪ ಅಮ್ಮ ಹೆಣ್ಣುಮಕ್ಕಳನ್ನು ಕಳಿಸಲ್ಲ' ಅಂತ ಇನ್ನೊಂದು ಮಾತು ಬರುತ್ತೆ. ಪಿಜಿಗೆ ಕಳಿಸುತ್ತಾರಲ್ಲ? ಸಾಲ ಮಾಡಿ ಫೀಸು ಕಟ್ಟಿ ಕಳಿಸುತ್ತಾರೆ, ಯಾಕೆಂದರೆ ಕೊನೆಯಲ್ಲಿ ನೌಕರಿಯ ಆಸೆ ಇದೆ. ಆಟದ ಕೊನೆಯಲ್ಲೂ ಅದೇ ಆಸೆ ಕಂಡರೆ ಪಿಯುಸಿ ಮುಗಿದ ಕೂಡಲೇ ಗಂಡು ನೋಡುವ ಮನೆಯವರೂ ಎರಡು ವರ್ಷ ತಾಳುತ್ತಾರೆ.

ನಾವು ಕೇಳುವುದು ದೊಡ್ಡದೇನಲ್ಲ. ಜೂನಿಯರ್ ನ್ಯಾಷನಲ್ಸ್‌ಗೆ ಆಯ್ಕೆಯಾದ ಪ್ರತಿ ಹುಡುಗಿಗೂ ಡಿಗ್ರಿ ಮುಗಿಯುವ ತನಕ ತಿಂಗಳ ಭತ್ಯೆ ಕೊಡಿ. ವಿಶ್ವಕಪ್ ಗೆದ್ದವರಿಗೆ ಮಹಾರಾಷ್ಟ್ರದಷ್ಟೇ ಬಹುಮಾನ ಕೊಡಿ, ನೌಕರಿಯನ್ನೂ ಕೊಡಿ. ಜಿಲ್ಲೆಗೊಂದು ತಂಡದಂತೆ ಹುಡುಗಿಯರ ಖೋ ಖೋ ಲೀಗ್ ಮಾಡಿ, ಪಂದ್ಯಗಳನ್ನು ಟೀವಿಯಲ್ಲಿ ತೋರಿಸಿ. ಈ ಆಟಕ್ಕೆ ಬೇಕಿರೋದು ಎರಡು ಕಂಬ, ಹದವಾದ ಮಣ್ಣು, ಒಂದು ಸುಣ್ಣದ ಗೆರೆ. ಈ ಸಲದ ಬಜೆಟ್ ಚರ್ಚೆಗೆ ಮುಂಚೆ ನಿಮ್ಮ ಶಾಸಕರು ಊರಿಗೆ ಬಂದರೆ ಈ ಮೂರನ್ನೂ ಬರೆದು ಅವರ ಕೈಗೆ ಕೊಡಿ. ಒಲಿಂಪಿಕ್ಸ್ ಮಾತು ತೆಗೆದರೆ ಫೂಟಿ ಯಾವ ಒಲಿಂಪಿಕ್ಸ್‌ನಲ್ಲಿದೆ ಅಂತ ಅಲ್ಲೇ ಕೇಳಿ.